ದುಡ್ಡು ಕೊಟ್ಟ ಟ್ರೈನಿಂಗ್, ಪುಕ್ಕಟೆ ಟ್ರೈನಿಂಗ್ ಮತ್ತು ನನ್ನ ಹೆಬ್ಬೆರಳು

ಮೊದಲೇ ಹೇಳಿಬಿಡುತ್ತೇನೆ. ನಾನು ಮೂರು ಕಡೆ ಟ್ರೈನಿಂಗ್ ಮಾಡಿದ್ದೇನೆ, ಮೂರರಲ್ಲಿ ನನಗೆ ಹಿಡಿಸಿದ್ದು ಆರ್‌ಸೆಟಿ. ಬ್ಯಾಂಕಿನವರು ನಡೆಸುವ, ಊಟ ವಸತಿ ಎಲ್ಲ ಪುಕ್ಕಟೆ ಕೊಡುವ ಮೂವತ್ತು ದಿನದ ಟ್ರೈನಿಂಗ್. ಉಳಿದೆರಡರಲ್ಲಿ ಒಂದಕ್ಕೆ 14,000 ರೂಪಾಯಿ ಕಟ್ಟಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಹಾಗಾಗಿ ನಾನು ತಕ್ಕಡಿ ಸಮ ಹಿಡಿದು ಬರೆಯುತ್ತೇನೆ ಅಂತ ಅಂದುಕೊಳ್ಳಬೇಡಿ.

ನನ್ನದು ಸಾಗರದ ಹತ್ತಿರ ಒಂದು ಹಳ್ಳಿ. 2017ರಲ್ಲಿ ಬಿಕಾಂ ಮುಗಿಯಿತು, ಅದೇ ವರ್ಷ ಅಜ್ಜಿ ಹಾಸಿಗೆ ಹಿಡಿದರು. ಅಮ್ಮನೊಬ್ಬಳ ಕೈಲಿ ಆಗುತ್ತಿರಲಿಲ್ಲ. ಸ್ವಲ್ಪ ದಿನ ಮನೆಯಲ್ಲಿರೋಣ ಅಂತ ನಿಂತವಳು ಐದು ವರ್ಷ ನಿಂತೆ. ಸೀಸನ್ನಿನಲ್ಲಿ ಊರಿನವರ ಜೊತೆ ಅಡಿಕೆ ಸುಲಿಯಲು ಹೋಗುತ್ತಿದ್ದೆ. ಅಜ್ಜಿ ಹೋದ ಮೇಲೆ ಒಂದು ಫೈನಾನ್ಸ್ ಆಫೀಸಿಗೆ ಇಂಟರ್‌ವ್ಯೂಗೆ ಹೋದೆ. ಮೂರು ಜನ ಕೂತಿದ್ದರು. ಒಬ್ಬರು ಮಾರ್ಕ್ಸ್ ಕಾರ್ಡ್ ನೋಡಿ, "ಐದು ವರ್ಷ ಏನು ಮಾಡ್ತಿದ್ರಿ?" ಅಂದರು.

"ಏನೂ ಇಲ್ಲ ಸರ್" ಅಂದೆ.

ಅಷ್ಟೇ ಇಂಟರ್‌ವ್ಯೂ. ಆಮೇಲೆ ಎಷ್ಟು ಕುಗ್ಗಿದೆ ಅಂದರೆ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಕೆಲಸ ಖಾಲಿ ಇದೆಯಾ ಅಂತ ಕೇಳುವುದಕ್ಕೂ ಚಿಕ್ಕಮ್ಮನ ಮಗಳನ್ನು ಕಳಿಸುತ್ತಿದ್ದೆ.

ಮೊದಲು ಸೇರಿದ್ದು ಪೇಟೆಯ ಒಂದು ಖಾಸಗಿ ಇನ್‌ಸ್ಟಿಟ್ಯೂಟಿಗೆ. ಹೆಸರು ಬೇಡ. ಸ್ಪೋಕನ್ ಇಂಗ್ಲಿಷ್, ಪರ್ಸನಾಲಿಟಿ ಡೆವಲಪ್‌ಮೆಂಟ್, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಮೂರೂ ಸೇರಿ ಮೂರು ತಿಂಗಳ ಪ್ಯಾಕೇಜ್. ಬಾಗಿಲಿನ ಮೇಲೆ "ನೂರಕ್ಕೆ ನೂರು ಉದ್ಯೋಗ" ಅಂತ ದೊಡ್ಡ ಬೋರ್ಡು. ಬೆಳಗ್ಗೆ ಎಲ್ಲರೂ ಎದ್ದು ನಿಂತು, ನಾನು ಧೈರ್ಯವಂತೆ, ನಾನು ಗೆದ್ದೇ ಗೆಲ್ಲುತ್ತೇನೆ ಅಂತ ಇಂಗ್ಲಿಷಿನಲ್ಲಿ ಕೂಗಬೇಕು. ನಾನೂ ಕೂಗಿದೆ. ಕೂಗಿ ಕೂತ ಮೇಲೆ ಸರ್ ನನ್ನ ಹೆಸರು ಕರೆದರೆ ಬೆವರು ಬರುವುದು ಮಾತ್ರ ನಿಲ್ಲಲಿಲ್ಲ.

ಟ್ಯಾಲಿ ಕ್ಲಾಸಿನದು ಇನ್ನೊಂದು ಕಥೆ. ಕಲಿತವರಿಗೆ ಗೊತ್ತಿರುತ್ತದೆ, ಟ್ಯಾಲಿಯಲ್ಲಿ ಲೈಸೆನ್ಸ್ ಇಲ್ಲದೆ ಕಲಿಯುವವರಿಗಾಗಿ ಎಜುಕೇಷನಲ್ ಮೋಡ್ ಅಂತ ಇದೆ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ಎಂಟ್ರಿ ಹಾಕಲು ಬರುತ್ತದೆ. ಇದು ತಪ್ಪೇನಲ್ಲ, ಆದರೆ ನಮಗೆ ಯಾರೂ ಹೇಳಲಿಲ್ಲ. ಮೂರು ವಾರ ನಾನು 5ನೇ ತಾರೀಖು ಹೊಡೆದು, ಅದು ತಗೊಳ್ಳದೆ, ನನ್ನ ಕೈಯೇ ಸರಿ ಇಲ್ಲ ಅಂದುಕೊಂಡೆ. ಕೇಳುವುದಕ್ಕೆ ನಾಚಿಕೆ. ಕೊನೆಗೆ ಪಕ್ಕದ ಹುಡುಗ ಹೇಳಿದ, "ಅಕ್ಕಾ, ಇದು ಫ್ರೀ ವರ್ಷನ್, ಮನೇಲೂ ಹಾಕ್ಕೋಬಹುದು" ಅಂತ. ಹದಿನಾಲ್ಕು ಸಾವಿರ ಕಟ್ಟಿ ಫ್ರೀ ವರ್ಷನ್ ಕಲಿಯುತ್ತಿದ್ದೆ.

ಬಸ್ ಚಾರ್ಜು ಬೇರೆ. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ, ನನ್ನ ಕೋರ್ಸ್ ಮುಗಿದ ಮೇಲೆ. ಮೊದಲೇ ಬಂದಿದ್ದರೂ ಏನು ಮಹಾ, ನಮ್ಮ ರೂಟಿನಲ್ಲಿ ಓಡುವುದು ಖಾಸಗಿ ಬಸ್ಸೇ. ಕೆಲಸ? ಒಂದು ಬಟ್ಟೆ ಅಂಗಡಿಯ ವಿಳಾಸ ಕೊಟ್ಟು ಕಳಿಸಿದರು. ಅಲ್ಲಿ ಸೇಲ್ಸ್‌ಗೆ ಬೇಕಿತ್ತು, ಅಕೌಂಟ್ಸ್‌ಗೆ ಅಲ್ಲ.

ಎರಡನೆಯದು ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ. 2014ರಿಂದ ಇದೆ. ಹಳ್ಳಿಯ ಬಡ ಮನೆಯವರಿಗೆ, 15ರಿಂದ 35 ವರ್ಷದವರಿಗೆ, ಹೆಣ್ಣುಮಕ್ಕಳಿಗೆ 45ರವರೆಗೂ. ಯೋಜನೆ ಒಳ್ಳೆಯದೇ. ಫೀಸ್ ಇಲ್ಲ, ಹಾಸ್ಟೆಲ್ ಇದೆ, ಯೂನಿಫಾರ್ಮ್ ಕೊಡುತ್ತಾರೆ, ಮುಗಿದ ಮೇಲೆ ಕೆಲಸಕ್ಕೂ ಸೇರಿಸಬೇಕು. ನಾನು ಸೇರಿದ ಕೇಂದ್ರದಲ್ಲಿ ಪಾಠವೂ ಪರವಾಗಿರಲಿಲ್ಲ. ತೊಂದರೆ ಕೊಟ್ಟಿದ್ದು ನನ್ನ ಹೆಬ್ಬೆರಳು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಇದೇ ಪಾಡು. ಅಲ್ಲಿ ಹಾಜರಿ ಅಂದರೆ ಆಧಾರ್ ಬಯೋಮೆಟ್ರಿಕ್. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬೆರಳು ಒತ್ತಬೇಕು. ಹಾಜರಿ ಇಷ್ಟು ಅಂತ ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ. ಹಸಿ ಅಡಿಕೆ ಸುಲಿದವರ ಕೈ ನೋಡಿದ್ದೀರಾ? ಮೆಟ್ಟುಗತ್ತಿಯ ಮುಂದೆ ಕೂತು, ಒಂದೊಂದೇ ಕಾಯಿ ಹಿಡಿದು ಒತ್ತಿ ಸಿಪ್ಪೆ ಬಿಡಿಸಬೇಕು. ಚೊಗರು ಹತ್ತಿ ಬೆರಳು ಕಪ್ಪಾಗುತ್ತದೆ, ಸೋಪಿಗೆಲ್ಲ ಹೋಗುವುದಿಲ್ಲ. ಹೆಬ್ಬೆರಳು, ತೋರುಬೆರಳಿನ ತುದಿ ಸೀಳುತ್ತದೆ, ಗೆರೆ ಸವೆದು ನುಣ್ಣಗಾಗುತ್ತದೆ. ಐದು ಸೀಸನ್ ಸುಲಿದ ನನ್ನ ಬೆರಳಿನಲ್ಲಿ ಮಷಿನ್ನಿಗೆ ಓದುವುದಕ್ಕೆ ಏನೂ ಉಳಿದಿರಲಿಲ್ಲ.

ಮೊದಲ ದಿನ ಆರು ಸಲ ಒತ್ತಿದೆ. ಆರು ಸಲವೂ ಕೆಂಪು ಲೈಟು. ಹಿಂದೆ ಮೂವತ್ತು ಹುಡುಗಿಯರ ಸಾಲು, ಎಲ್ಲರೂ ನನಗಿಂತ ಏಳೆಂಟು ವರ್ಷ ಚಿಕ್ಕವರು. ಒಬ್ಬಳು ಕರ್ಚೀಫ್ ಕೊಟ್ಟಳು, ಒಬ್ಬಳು ಒದ್ದೆ ಮಾಡ್ಕೊಳ್ಳಿ ಅಂದಳು, ಇನ್ನೊಬ್ಬಳು ಕೊಬ್ಬರಿ ಎಣ್ಣೆ ಅಂದಳು. ಅಲ್ಲಿದ್ದ ಮೇಲ್ವಿಚಾರಕರು ತಮಾಷೆಗೆ, "ನಿಮ್ಮ ಬೆರಳೇ ನಿಮ್ಮನ್ನ ಒಪ್ತಾ ಇಲ್ಲವಲ್ಲ ಮೇಡಂ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬರಲಿಲ್ಲ.

ಮಾರನೇ ದಿನದಿಂದ ಸಾಲಿನ ಕೊನೆಗೆ ನಿಲ್ಲುವುದಕ್ಕೆ ಶುರು ಮಾಡಿದೆ. ಕೈಯನ್ನು ದುಪಟ್ಟಾದೊಳಗೆ ಇಟ್ಟುಕೊಳ್ಳುತ್ತಿದ್ದೆ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ, ಎತ್ತಿದರೆ ಕಪ್ಪು ಕಾಣುತ್ತದಲ್ಲ. ಒಂದು ತಿಂಗಳಿಗೆ ನನ್ನ ಲೆಕ್ಕದಲ್ಲಿ ಹನ್ನೊಂದು ದಿನ ಗೈರುಹಾಜರಿ ಬಿದ್ದಿತ್ತು, ಒಂದು ದಿನವೂ ತಪ್ಪಿಸಿರಲಿಲ್ಲ.

ಕೊನೆಗೆ ಆಧಾರ್ ಸೆಂಟರಿಗೆ ಹೋದೆ. ನೂರು ರೂಪಾಯಿ ತಗೊಂಡು ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿದರು. ಅಲ್ಲಿದ್ದ ಹುಡುಗಿ ಹತ್ತೂ ಬೆರಳನ್ನು ಒಂದೊಂದಾಗಿ ನೋಡಿ, "ಅಕ್ಕಾ, ಹೆಬ್ಬೆರಳೇ ಒತ್ತಬೇಕು ಅಂತ ಯಾರು ಹೇಳಿದ್ರು? ಎಡಗೈ ಉಂಗುರದ ಬೆರಳು ಚೆನ್ನಾಗಿದೆ, ಅದನ್ನೇ ಇಡಿ" ಅಂದಳು. ಹೌದು, ಆ ಬೆರಳು ಅಡಿಕೆಗೆ ಅಷ್ಟಾಗಿ ತಾಗುವುದೇ ಇಲ್ಲ. ಆವತ್ತಿನಿಂದ ಹಸಿರು ಲೈಟು. ಇದನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ಒಂದು ತಿಂಗಳ ಅವಮಾನ ಉಳಿಯುತ್ತಿತ್ತು. ನೀವೂ ಕೂಲಿ, ಗಾರೆ, ಪಾತ್ರೆ ತೊಳೆಯುವ ಕೆಲಸ ಮಾಡಿದವರಾದರೆ ಟ್ರೈನಿಂಗಿಗೆ ಸೇರುವ ಮೊದಲೇ ಯಾವ ಬೆರಳು ಓದುತ್ತದೆ ಅಂತ ನೋಡಿಸಿಕೊಂಡು ಹೋಗಿ.

ಕೆಲಸ ಕೊಡಿಸಿದರು, ಸುಳ್ಳು ಹೇಳಬಾರದು. ಬೆಂಗಳೂರಿನ ಒಂದು ಗೋದಾಮಿನಲ್ಲಿ ಬಿಲ್ಲಿಂಗ್, 12,000 ಸಂಬಳ. ಪೀಜಿಗೆ 6,500. ಉಳಿದದ್ದರಲ್ಲಿ ಊಟ, ಬಸ್ಸು, ಫೋನು. ಎರಡು ತಿಂಗಳಿಗೆ ವಾಪಸ್ ಬಂದೆ. ಮೆಜೆಸ್ಟಿಕ್ಕಿನಲ್ಲಿ ಒಬ್ಬಳೇ ಬಸ್ ಹುಡುಕಿಕೊಳ್ಳುವುದು ಕಲಿತೆ ಅನ್ನುವುದು ಲಾಭ. ಊರಿನಿಂದ ಹೊರಗೆ ಇರುವ ಆಸೆ ಇರುವವರಿಗೆ ಇದು ಒಳ್ಳೆಯ ದಾರಿ. ನನಗೆ ಆ ಆಸೆ ಇರಲಿಲ್ಲ, ಅಷ್ಟೇ.

ಆಮೇಲೆ ಆರ್‌ಸೆಟಿ. ಇದರ ಮೂಲ ನಮ್ಮ ರಾಜ್ಯದ್ದೇ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್ ಸೇರಿ ಶುರುವಾದ ರುಡ್‌ಸೆಟ್ ಇದಕ್ಕೆ ಮಾದರಿ. ಅದನ್ನು ನೋಡಿಯೇ ಕೇಂದ್ರ ಸರ್ಕಾರ ಜಿಲ್ಲೆಗೊಂದು ಆಗಬೇಕು ಅಂತ ಹೊರಟಿತು. ಟೈಲರಿಂಗ್, ಹೈನುಗಾರಿಕೆ, ಮೊಬೈಲ್ ರಿಪೇರಿ, ಬ್ಯೂಟಿ ಪಾರ್ಲರ್ ಎಲ್ಲ ಇವೆ. ನಾನು ಸೇರಿದ್ದು ಕಂಪ್ಯೂಟರ್ ಅಕೌಂಟಿಂಗಿಗೆ. ಬ್ಯಾಚ್ ತುಂಬಲು ಎರಡು ತಿಂಗಳು ಕಾದೆ, ಟೈಲರಿಂಗ್ ಬ್ಯಾಚ್ ಮಾತ್ರ ಬೇಗ ಬೇಗ ತುಂಬುತ್ತದೆ.

ಇಲ್ಲಿ ಧೈರ್ಯ ತಗೊಳ್ಳಿ ಅಂತ ಯಾರೂ ಹೇಳಲಿಲ್ಲ. ಮೊದಲ ದಿನ ನಮ್ಮ ಬಗ್ಗೆ ನಾವು ಹೇಳಿಕೊಳ್ಳುವ ಹಾಗೇ ಇಲ್ಲ, ಪಕ್ಕದವರನ್ನು ಮಾತಾಡಿಸಿ ಅವರ ಪರಿಚಯ ಮಾಡಿಕೊಡಬೇಕು. ಇನ್ನೊಬ್ಬರ ಬಗ್ಗೆ ಮಾತಾಡಲು ನನಗೇನು ಭಯ? ಐದು ನಿಮಿಷ ಮಾತಾಡಿದೆ, ಸರ್ ಸಾಕು ಅನ್ನಬೇಕಾಯಿತು.

ಎರಡನೇ ದಿನ ಒಂದು ಆಟ. ಕಣ್ಣಿಗೆ ಬಟ್ಟೆ ಕಟ್ಟಿ, ಎಡಗೈಯಿಂದ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಪಕ್ಕದಲ್ಲಿ ಇಬ್ಬರು ನಿಂತು ದಾರಿ ಹೇಳುತ್ತಾರೆ. ಶುರು ಮಾಡುವ ಮೊದಲು ಎಷ್ಟು ತುಂಡು ನಿಲ್ಲಿಸುತ್ತೀರಿ ಅಂತ ಮೂವರೂ ಬೇರೆ ಬೇರೆ ಹೇಳಬೇಕು. ನಾನು ನಾಲ್ಕು ಅಂದೆ. ನಿನ್ನೆಯಷ್ಟೇ ಪರಿಚಯವಾದ ಇಬ್ಬರಲ್ಲಿ ಒಬ್ಬಳು ಎಂಟು ಅಂದಳು, ಇನ್ನೊಬ್ಬಳು ಹತ್ತು. ಒಂಬತ್ತು ನಿಂತವು, ಹತ್ತನೆಯದಕ್ಕೆ ಎಲ್ಲ ಉರುಳಿತು. ಸರ್ ಬೋರ್ಡಿನ ಮೇಲೆ ನಾಲ್ಕು, ಎಂಟು, ಹತ್ತು, ಒಂಬತ್ತು ಅಂತ ಬರೆದು ಚಾಕ್ ಕೆಳಗಿಟ್ಟರು. ಒಂದು ಮಾತೂ ಆಡಲಿಲ್ಲ.

ಟ್ಯಾಲಿ ಇಲ್ಲೂ ಅದೇ ಎಜುಕೇಷನಲ್ ಮೋಡ್. ಆದರೆ ಮೊದಲ ಗಂಟೆಯಲ್ಲೇ 1, 2, 31ರ ವಿಷಯ ಹೇಳಿದರು. ಎರಡನೇ ವಾರ, ಪುಸ್ತಕದ ಲೆಕ್ಕ ಬೇಡ, ನಿಮ್ಮ ಮನೆಯದೋ ಅಂಗಡಿಯದೋ ನಿಜವಾದ ಲೆಕ್ಕ ತನ್ನಿ ಅಂದರು. ನನ್ನ ಹತ್ತಿರ ಎಲ್ಲಿದೆ ಲೆಕ್ಕ ಅಂತ ಕೂತೆ. ಆಮೇಲೆ ಹೊಳೆಯಿತು. ಅಡಿಕೆ ಸುಲಿಯುವಾಗ ನಮ್ಮ ಗುಂಪಿನ ಹನ್ನೊಂದು ಜನರ ಲೆಕ್ಕ ಬರೆಯುತ್ತಿದ್ದವಳು ನಾನೇ. ಯಾರು ಎಷ್ಟು ಕೆಜಿ ಸುಲಿದರು, ಮುಂಗಡ ಎಷ್ಟು ತಗೊಂಡರು, ಬಾಕಿ ಎಷ್ಟು. ಅಮ್ಮನಿಗೆ ಫೋನ್ ಮಾಡಿದೆ. ಮಾರನೇ ದಿನ ಬಸ್ಸಿನ ಕಂಡಕ್ಟರ್ ಕೈಲಿ ನೋಟ್‌ಬುಕ್ ಬಂತು, ಹಾಳೆಯ ಅಂಚೆಲ್ಲ ಚೊಗರಿನ ಕಲೆ.

ಹನ್ನೊಂದು ಲೆಡ್ಜರ್ ತೆರೆದೆ. ಇಡೀ ಸೀಸನ್ 1, 2, 31ನೇ ತಾರೀಖಿನಲ್ಲೇ ನಡೆದುಹೋಯಿತು! ಕೊನೆಗೆ ಒಬ್ಬರ ಹೆಸರಿನಲ್ಲಿ 240 ರೂಪಾಯಿ ಬಾಕಿ ನಿಂತಿತು. ಎರಡು ಸಲ ನೋಡಿದೆ. ನಾನು ಕೈಯಲ್ಲಿ ಕೂಡುವಾಗ ತಪ್ಪಿದ್ದೆ, ಮೇಲ್ಮನೆ ಅತ್ತೆಗೆ ಎರಡು ವರ್ಷದ ಹಿಂದೆ 240 ಕಮ್ಮಿ ಕೊಟ್ಟಿದ್ದೆವು. ಊರಿಗೆ ಹೋದ ತಕ್ಷಣ ಕೊಟ್ಟೆ. ಅವರಿಗೆ ನೆನಪೂ ಇರಲಿಲ್ಲ.

ಬೇಸರ ಇಲ್ಲ ಅಂತಲ್ಲ. ಬೆಳಗ್ಗೆ ಬೇಗ ಎದ್ದು ಶ್ರಮದಾನ ಮಾಡಬೇಕು, ಪ್ರಾರ್ಥನೆ ಇದೆ. ಸಂಸ್ಥೆಯ ಉದ್ದೇಶವೇ ಸ್ವಂತ ಉದ್ಯೋಗವಾದ್ದರಿಂದ ದಿನಾ ಪ್ರಾಜೆಕ್ಟ್ ರಿಪೋರ್ಟು, ಬ್ಯಾಂಕ್ ಸಾಲ ಅಂತ ಮಾತು. ನನಗೆ ಸಾಲ ಅಂದರೇ ಆಗದು. ನನ್ನಂತೆ ಸಂಬಳದ ಕೆಲಸವೇ ಬೇಕು ಅನ್ನುವವರಿಗೆ ಅಲ್ಲಿ ಯಾರೂ ಕೆಲಸ ಹುಡುಕಿಕೊಡುವುದಿಲ್ಲ, ನೀವೇ ಹುಡುಕಿಕೊಳ್ಳಬೇಕು. ನಾನು ಸೇರಿದಾಗ 18ರಿಂದ 45 ವಯಸ್ಸಿನೊಳಗಿರಬೇಕಿತ್ತು, ಬಿಪಿಎಲ್ ಕಾರ್ಡಿನವರಿಗೆ ಆದ್ಯತೆ.

ಓದು ಮುಗಿಸಿ ಕೆಲಸ ಸಿಗದವರಿಗೆ ಸರ್ಕಾರ ಕೊಡುವ ಯುವನಿಧಿ ಭತ್ಯೆ ಬಗ್ಗೆ ಕೇಳುವವರಿಗೆ: ಅದು 2022-23ರಲ್ಲಿ ಮತ್ತು ಆಮೇಲೆ ಪಾಸಾದವರಿಗೆ. ನಾನು 2017ರವಳು, ನನಗೆ ಬರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ತಮ್ಮಂದಿರಿದ್ದರೆ ಈ ಮೂರೂ ಬಿಟ್ಟು ಸರ್ಕಾರಿ ತರಬೇತಿ ಕೇಂದ್ರವಾದ ಜಿಟಿಟಿಸಿಯ ಟೂಲ್ ಅಂಡ್ ಡೈ (ಕಾರ್ಖಾನೆಯ ಉಪಕರಣ, ಅಚ್ಚು ಮಾಡುವ) ಡಿಪ್ಲೊಮಾ ವಿಚಾರಿಸಿ.

ಖರ್ಚು ಲೆಕ್ಕ ಹಾಕಿದರೆ ಮೊದಲನೆಯದಕ್ಕೆ ಬಸ್ಸೂ ಸೇರಿ ಹದಿನೇಳು ಸಾವಿರ ಹತ್ತಿರ. ಎರಡನೆಯದಕ್ಕೆ ಟ್ರೈನಿಂಗ್ ಪುಕ್ಕಟೆ, ಬೆಂಗಳೂರಿನ ಅಡ್ವಾನ್ಸ್ ಹೋಯಿತು. ಮೂರನೆಯದಕ್ಕೆ ಹೋಗಿಬರುವ ಚಾರ್ಜು ಮತ್ತು ಒಂದು ಜೊತೆ ಚಪ್ಪಲಿ. ನಿಮಗೆ ಟ್ಯಾಲಿ ಮೊದಲೇ ಬರುತ್ತದೆ, ಇಂಗ್ಲಿಷ್ ಮಾತ್ರ ಸುಧಾರಿಸಬೇಕು ಅನ್ನುವುದಾದರೆ ಖಾಸಗಿಯವರ ಹತ್ತಿರ ಹೋಗಿ. ಆದರೆ ದುಡ್ಡು ಒಂದೇ ಕಂತಿನಲ್ಲಿ ಕಟ್ಟಬೇಡಿ.

ಆರ್‌ಸೆಟಿ ಮುಗಿಸಿ ಬಂದ ಮೇಲೆ ಸಾಗರದ ಒಂದು ಅಡಿಕೆ ಮಂಡಿಗೆ ನಾನೇ ಹೋದೆ, ಚಿಕ್ಕಮ್ಮನ ಮಗಳನ್ನು ಕಳಿಸಲಿಲ್ಲ. ಸಾಹುಕಾರರು ಮಾರ್ಕ್ಸ್ ಕಾರ್ಡ್ ನೋಡಿ ಅದೇ ಪ್ರಶ್ನೆ ಕೇಳಿದರು. "ಐದು ವರ್ಷ ಏನ್ ಮಾಡ್ದೆ ತಂಗಿ?"

"ಅಜ್ಜಿನ ನೋಡ್ಕೊಂಡೆ. ಸೀಸನ್ನಲ್ಲಿ ಅಡಿಕೆ ಸುಲಿದೆ. ಹನ್ನೊಂದು ಜನರ ಲೆಕ್ಕ ಬರೆದೆ" ಅಂದು ನೋಟ್‌ಬುಕ್ ಮುಂದಿಟ್ಟೆ.

ಅವರು ಹಾಳೆ ತಿರುಗಿಸಿದರು, ನನ್ನ ಕೈ ನೋಡಿದರು. "ಅಡಿಕೆಯಲ್ಲಿ ಕೆಂಪುಗೋಟು, ಬಿಳೇಗೋಟು, ಚಾಲಿ ಗುರುತು ಸಿಗುತ್ತಲ್ಲ?" ಅಂದರು. ಕತ್ತಲಲ್ಲಿ ಮುಟ್ಟಿ ಹೇಳ್ತೀನಿ ಅಂದೆ. ಈಗ 13,500 ಸಂಬಳ, ಮನೆ ಊಟ, ಸಂಜೆ ಆರೂವರೆ ಬಸ್ಸು.

ಮಂಡಿಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದರೆ ಆಯಿತು. ಮುಂದಿನ ತಿಂಗಳು ಬಯೋಮೆಟ್ರಿಕ್ ಮಷಿನ್ ತರಿಸುತ್ತೇನೆ ಅಂತ ಸಾಹುಕಾರರು ಹೇಳುತ್ತಿದ್ದಾರೆ. ಹಮಾಲರೆಲ್ಲ ಗಾಬರಿಯಾಗಿದ್ದಾರೆ, ಅವರ ಬೆರಳು ನನ್ನದಕ್ಕಿಂತ ಸವೆದಿದೆ. ಮೊನ್ನೆ ಮಧ್ಯಾಹ್ನ ಎಲ್ಲರನ್ನೂ ಸಾಲಾಗಿ ಕೂರಿಸಿಕೊಂಡು ಎಡಗೈ ಉಂಗುರದ ಬೆರಳು ನೋಡಿದೆ.