ಢಾಕಾದಲ್ಲಿ ರೇಟು ಏರಿತು, ನನ್ನ ಉಳ್ಳಾಗಡ್ಡಿ ಕಣದಲ್ಲೇ ಕೊಳೆಯಿತು

ನಮ್ಮೂರಿನ ಇಬ್ಬರು ಹುಡುಗರು ಹೋದ ವಾರ 'ರಫ್ತು ರೇಟಿನ ಮುನ್ಸೂಚನೆ' ಕೊಡುವ ವಾಟ್ಸಾಪ್ ಗುಂಪಿಗೆ ದುಡ್ಡು ಕಟ್ಟಿದ್ದಾರೆ ಅಂತ ಗೊತ್ತಾಯಿತು. ಕೇಳಿ ಹೊಟ್ಟೆ ಕಲಸಿದಂತಾಯಿತು. 2023ರಲ್ಲಿ ನಾನೂ ಹೀಗೇ ಕಟ್ಟಿದ್ದೆ. ಏನಾಯಿತು ಅಂತ ಇಲ್ಲಿಯವರೆಗೆ ಮನೆಯವರಿಗೆ ಬಿಟ್ಟು ಯಾರಿಗೂ ಪೂರ್ತಿ ಹೇಳಿರಲಿಲ್ಲ.

ನಮ್ಮದು ಗದಗ ತಾಲೂಕಿನ ಎರೆ ಹೊಲ. ಆ ವರ್ಷ ಬರ. ಮಳೆ ತಡವಾಗಿ, ಬಿತ್ತನೆಯೂ ತಡವಾಯಿತು. ನಾಲ್ಕು ಎಕರೆಗೆ 150 ಕ್ವಿಂಟಲ್ ಉಳ್ಳಾಗಡ್ಡಿ ಬಂದಿದ್ದೇ ದೊಡ್ಡದು. ಆದರೆ ಎಲ್ಲ ಕಡೆ ಬೆಳೆ ಕಮ್ಮಿ ಇದ್ದದ್ದರಿಂದ ರೇಟು ಚೆನ್ನಾಗಿತ್ತು. ನವೆಂಬರ್ ಕೊನೆಗೆ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ನನ್ನ ಮಾಲಿಗೆ ಕ್ವಿಂಟಲ್‌ಗೆ 3,800 ರೂಪಾಯಿ ಕೊಡುತ್ತೇನೆ ಅಂತ ದಲಾಲರು ಫೋನಿನಲ್ಲಿ ಹೇಳಿದ್ದರು. ನಾನು ಕೊಡಲಿಲ್ಲ.

ಯಾಕೆಂದರೆ ಗುಂಪಿನಲ್ಲಿ ಒಂದು ಗ್ರಾಫ್ ಬಂದಿತ್ತು. ಬಾಂಗ್ಲಾದೇಶಕ್ಕೆ ಮಾಲು ಸಾಲುವುದಿಲ್ಲ, ಶ್ರೀಲಂಕಾ, ಮಲೇಷ್ಯಾದಲ್ಲೂ ಬೇಡಿಕೆ ಇದೆ, ಜನವರಿಗೆ 7,000 ಖಂಡಿತ ಎಂದು ಬರೆದಿದ್ದರು. ನಡೆಸುತ್ತಿದ್ದವನು ನಮ್ಮ ಕಡೆಯವನೇ, ಚೆನ್ನಾಗಿ ಮಾತಾಡುತ್ತಿದ್ದ. ಗುಂಪಿಗೆ ಕಟ್ಟಬೇಕಿದ್ದದ್ದು ಆರು ತಿಂಗಳಿಗೆ 5,000 ರೂಪಾಯಿ. ಫೋನ್ ಮಾಡಿದರೆ 'ಈಗ ಮಾರಿದರೆ ನೀವೇ ಅಳ್ತೀರಿ' ಅಂದ.

ಡಿಸೆಂಬರ್ 8, ಶುಕ್ರವಾರ. ಕೇಂದ್ರ ಸರ್ಕಾರ ಉಳ್ಳಾಗಡ್ಡಿ ರಫ್ತನ್ನೇ ನಿಲ್ಲಿಸಿತು. ಮುಂದಿನ ಮಾರ್ಚ್ 31ರವರೆಗೆ ಅಂತ ಆದೇಶ. ಅದು ಆಮೇಲೂ ಮುಂದುವರಿದು, ತೆರವಾಗಿದ್ದು 2024ರ ಮೇ 4ಕ್ಕೆ. ಹೊರಗೆ ಹೋಗಬೇಕಿದ್ದ ಮಾಲೆಲ್ಲ ಒಳಗೇ ಉಳಿಯಿತು, ರೇಟು ದಿನದಿಂದ ದಿನಕ್ಕೆ ಇಳಿಯಿತು.

ನನಗೆ ಈಗಲೂ ಸಂಕಟ ಆಗುವುದು ಇದಕ್ಕೆ: ಅವನ ಭವಿಷ್ಯ ಪೂರ್ತಿ ಸುಳ್ಳಾಗಿರಲಿಲ್ಲ. ನಮ್ಮಲ್ಲಿ ರಫ್ತು ನಿಂತ ಕೂಡಲೇ ಢಾಕಾದಲ್ಲಿ ಉಳ್ಳಾಗಡ್ಡಿ ರೇಟು ಒಮ್ಮೆಲೇ ಜಿಗಿಯಿತು. ಬೇಡಿಕೆ ಇತ್ತು, ರೇಟೂ ಇತ್ತು. ನನ್ನ ಕಣದಿಂದ ಅಲ್ಲಿಗೆ ದಾರಿ ಇರಲಿಲ್ಲ ಅಷ್ಟೆ. ಆ ದಾರಿಯ ಗೇಟು ದೆಹಲಿಯಲ್ಲಿದೆ. ಅವನ ಗ್ರಾಫಿನಲ್ಲಿ ಅದು ಎಲ್ಲೂ ಇರಲಿಲ್ಲ.

ಗೇಟು ಮುಚ್ಚುತ್ತಿರುವುದು ಮೊದಲೇ ಕಾಣುತ್ತಿತ್ತು. ಆಗಸ್ಟ್ 19ಕ್ಕೆ ರಫ್ತಿನ ಮೇಲೆ 40% ಸುಂಕ ಹಾಕಿದರು. ಅಕ್ಟೋಬರ್ ಕೊನೆಗೆ, ಟನ್ನಿಗೆ 800 ಡಾಲರ್‌ಗಿಂತ ಕಮ್ಮಿಗೆ ಹೊರಗೆ ಮಾರುವ ಹಾಗಿಲ್ಲ ಅಂದರು. ಆಮೇಲೆ ನಿಷೇಧ. 2019ರಲ್ಲೂ ಹೀಗೇ ಆಗಿತ್ತು: ಸೆಪ್ಟೆಂಬರ್ 13ಕ್ಕೆ 850 ಡಾಲರ್ ಕನಿಷ್ಠ ಬೆಲೆ, 29ಕ್ಕೆ ನಿಷೇಧ. 2020ರ ಸೆಪ್ಟೆಂಬರ್‌ನಲ್ಲಂತೂ ನೇರವಾಗಿ ನಿಷೇಧವನ್ನೇ ತಂದರು. ಪೇಟೆಯಲ್ಲಿ ತಿನ್ನುವವರಿಗೆ ರೇಟು ಜಾಸ್ತಿ ಆಯಿತು ಅಂದಾಗ ಸರ್ಕಾರ ಮೊದಲು ಕೈ ಹಾಕುವುದು ಉಳ್ಳಾಗಡ್ಡಿಗೇ. ಅದರ ಮೇಲೆ ಲೋಕಸಭೆ ಚುನಾವಣೆ ಹತ್ತಿರ ಇತ್ತು. ಅಂದರೆ 7,000 ಆಗುತ್ತದೆ ಅನ್ನುವ ಮಾತಿನಲ್ಲೇ ನಿಷೇಧ ಬರುತ್ತದೆ ಅನ್ನುವುದೂ ಸೇರಿತ್ತು, ಅಲ್ವಾ? ನನಗೆ ಆಗ ಹೊಳೆಯಲಿಲ್ಲ.

ಗೇಟು ಆ ಕಡೆಯೂ ಇದೆ. ಬಾಂಗ್ಲಾದೇಶ ತನ್ನ ರೈತರ ಬೆಳೆ ಬಂದಾಗ ಆಮದು ಪರವಾನಗಿ ನಿಲ್ಲಿಸುತ್ತದೆ. 2023ರ ಮಾರ್ಚ್‌ನಲ್ಲಿ ನಿಲ್ಲಿಸಿ ಜೂನ್‌ನಲ್ಲಿ ಬಿಟ್ಟಿದ್ದರು.

ಇನ್ನೊಂದು ತಪ್ಪು ನನ್ನದೇ. ಅವನು ತೋರಿಸುತ್ತಿದ್ದ ಲೆಕ್ಕವೆಲ್ಲ ನಾಸಿಕ್ ಕಡೆಯ ಹಿಂಗಾರಿ ಉಳ್ಳಾಗಡ್ಡಿಯದು. ಅದು ಗಾಳಿಯಾಡುವ ಗೂಡಿನಲ್ಲಿ ನಾಲ್ಕೈದು ತಿಂಗಳು ತಡೆಯುತ್ತದೆ. ನಮ್ಮ ಮುಂಗಾರಿ ಗಡ್ಡೆಯಲ್ಲಿ ನೀರಿನಂಶ ಜಾಸ್ತಿ, ಕುತ್ತಿಗೆ ದಪ್ಪ, ಬೇಗ ಮೊಳಕೆ ಬರುತ್ತದೆ. ಇದು ನಮ್ಮ ಅಪ್ಪನಿಗೂ ಗೊತ್ತಿತ್ತು. 'ಮುಂಗಾರಿ ಮಾಲು ಇಟ್ಟುಕೊಂಡು ಕೂರಬೇಡ' ಅಂತ ಎರಡು ಸಲ ಹೇಳಿದ. ಗ್ರಾಫ್ ನೋಡಿದ ನಾನು ಅಪ್ಪನ ಮಾತು ಕೇಳಲಿಲ್ಲ. ಡಿಸೆಂಬರ್ ಮೂರನೇ ವಾರಕ್ಕೆ ರಾಶಿಯ ಅಡಿಯಿಂದ ನೀರು ಒಸರತೊಡಗಿತು. ಅವ್ವ, ನನ್ನ ಹೆಂಡತಿ ಮೂರು ದಿನ ಕೂತು ಕೊಳೆತದ್ದನ್ನು ಆರಿಸಿದರು. 40 ಕ್ವಿಂಟಲ್ ತಿಪ್ಪೆಗೆ ಹೋಯಿತು. ಉಳಿದ 110 ಕ್ವಿಂಟಲ್ 1,500ರಂತೆ ಕೊಟ್ಟೆ. 5,70,000 ಬರಬೇಕಿದ್ದ ಕಡೆ ಬಂದದ್ದು 1,65,000. ಸೊಸೈಟಿ ಸಾಲ ಹಾಗೇ ಉಳಿಯಿತು.

ಅವನಿಗೆ ಫೋನ್ ಮಾಡಿದರೆ 'ಸರ್ಕಾರದ ನಿರ್ಧಾರಕ್ಕೆ ನಾವು ಜವಾಬ್ದಾರರಲ್ಲ' ಅಂದ. ಆಮೇಲೆ ನನ್ನನ್ನು ಗುಂಪಿನಿಂದ ತೆಗೆದ. ನಾವು ಕಾಯ್ದರೂ ಮಾರಿದರೂ ಅವನ 5,000 ಅವನಿಗೆ ಬಂದಾಗಿತ್ತು.

2025ರ ಏಪ್ರಿಲ್ 1ರಿಂದ ಉಳ್ಳಾಗಡ್ಡಿ ಮೇಲಿನ ರಫ್ತು ಸುಂಕ ತೆಗೆದಿದ್ದಾರೆ. 'ಇನ್ನು ದಾರಿ ಕ್ಲಿಯರ್' ಅಂತ ಅದನ್ನೇ ತೋರಿಸಿ ಈಗ ಹುಡುಗರನ್ನು ಸೇರಿಸಿಕೊಳ್ಳುತ್ತಿದ್ದಾರೆ. ತೆಗೆದ ಸುಂಕವನ್ನು ಮತ್ತೆ ಹಾಕುವುದಕ್ಕೆ ಒಂದು ರಾತ್ರಿ ಸಾಕು. ರಫ್ತು ನಿಷೇಧ, ಕನಿಷ್ಠ ಬೆಲೆಯ ಆದೇಶಗಳು ಡಿಜಿಎಫ್‌ಟಿ (ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಕಚೇರಿ) ವೆಬ್‌ಸೈಟಿನಲ್ಲಿ ಬರುತ್ತವೆ, ನೋಡುವುದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ಸುಂಕ, ಕನಿಷ್ಠ ಬೆಲೆ ಅನ್ನುವ ಸುದ್ದಿ ಕೇಳಿದ ದಿನ ಕಾಯುವುದನ್ನು ಬಿಡಿ, ಒಳ್ಳೆಯ ರೇಟಿದ್ದರೆ ಅರ್ಧ ಮಾಲನ್ನಾದರೂ ಮಾರಿ. ಈಗ ನಾನು ಹಾಗೇ ಮಾಡುತ್ತೇನೆ. ಆ ಇಬ್ಬರು ಹುಡುಗರನ್ನು ನಾಳೆ ಮನೆಗೆ ಕರೆದಿದ್ದೇನೆ, ಆ ವರ್ಷದ ಮಾರಾಟದ ಪಟ್ಟಿ ಚೀಟಿಗಳನ್ನು ತೆಗೆದಿಟ್ಟಿದ್ದೇನೆ.