ಎರಡು ಚಳಿಗಾಲ ಉರಿಸಿ ನೋಡಿದ ಪೆಲೆಟ್ ಫರ್ನೇಸ್: ಶಾಖ ಚೆನ್ನಾಗಿದೆ, ಬೂದಿಯ ಕಡೆ ಗಮನವಿರಲಿ

ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳನ್ನು, ಅಂದರೆ ಪೆಲೆಟ್‌ಗಳನ್ನು ಉರಿಸಿ ಇಡೀ ಮನೆಯನ್ನು ಬೆಚ್ಚಗಿಡುವ ಫರ್ನೇಸ್ ಒಂದನ್ನು ನಾವು ಎರಡು ಪೂರ್ತಿ ಚಳಿಗಾಲ ಬಳಸಿದ್ದೇವೆ. ಶಾಖದ ವಿಷಯದಲ್ಲಿ ಅದರ ಮೇಲೆ ನನ್ನ ದೂರು ಒಂದೂ ಇಲ್ಲ. ಆದರೆ ಗುಂಡಿ ಒತ್ತಿ ಮರೆತುಬಿಡಬಹುದು ಎಂದು ಹೇಳಿ ಇದನ್ನು ಮಾರುವುದು ತಪ್ಪು. ದಿನಕ್ಕೆ ಹತ್ತು ನಿಮಿಷ ಇದರ ಮುಂದೆ ಮಂಡಿಯೂರಿ ಕೂರಲು ಸಿದ್ಧರಿರುವವರು ಮಾತ್ರ ಇದನ್ನು ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಯಂತ್ರದ ಕೆಲಸ ಸರಳವಾಗಿದೆ. ಮೇಲಿನ ಹಾಪರ್‌ನಲ್ಲಿ, ಅಂದರೆ ಪೆಲೆಟ್ ಸುರಿಯುವ ತೊಟ್ಟಿಯಲ್ಲಿ, ತುಂಬಿದ ಪೆಲೆಟ್‌ಗಳನ್ನು ಮೋಟಾರಿನಿಂದ ತಿರುಗುವ ಆಗರ್ ಎಂಬ ಉದ್ದನೆಯ ತಿರುಪು ಸ್ವಲ್ಪಸ್ವಲ್ಪವಾಗಿ ಉರಿಬಟ್ಟಲಿಗೆ ಬೀಳಿಸುತ್ತದೆ. ವಿದ್ಯುತ್ ಇಗ್ನೈಟರ್ ಕೆಲವೇ ನಿಮಿಷಗಳಲ್ಲಿ ಬೆಂಕಿ ಹೊತ್ತಿಸುತ್ತದೆ. ಒಂದು ಬ್ಲೋವರ್ ಬೆಂಕಿಗೆ ಬೇಕಾದ ಗಾಳಿಯನ್ನು ಎಳೆದು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ದೂಡಿದರೆ, ಇನ್ನೊಂದು ಬ್ಲೋವರ್ ಬಿಸಿಗಾಳಿಯನ್ನು ಮನೆಯೊಳಕ್ಕೆ ಕಳಿಸುತ್ತದೆ. ಒಣಗಿದ ಒಳ್ಳೆಯ ಪೆಲೆಟ್ ಕಿಲೋಗೆ ಸುಮಾರು 4.8 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖವನ್ನು ಕೊಡುತ್ತದೆ. 15 ಕಿಲೋ ಚೀಲವೊಂದರಲ್ಲಿ 70 ಯೂನಿಟ್‌ನಷ್ಟು ಶಾಖ ಅಡಗಿದೆ ಎಂದಾಯಿತು, ಅದರಲ್ಲೊಂದು ಪಾಲು ಹೊಗೆಯ ಜೊತೆ ಹೊರಟುಹೋದರೂ.

ನಮಗೆ ತೊಂದರೆ ಎದುರಾದದ್ದು ಉರಿಬಟ್ಟಲಿನಲ್ಲಿ. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದಾದ ಈ ಎರಕದ ಬಟ್ಟಲಿನ ತಳದಲ್ಲಿ ಸಣ್ಣ ರಂಧ್ರಗಳಿವೆ, ಬೆಂಕಿಯ ಉಸಿರಾಟವೆಲ್ಲ ಅವುಗಳ ಮೂಲಕವೇ. ವಾರಕ್ಕೊಮ್ಮೆ ಬೂದಿ ತೆಗೆದರೆ ಸಾಕು ಎಂದು ಮಾರಿದವರು ಹೇಳಿದ್ದರು, ನಾವೂ ಹಾಗೆಯೇ ಮಾಡಿದೆವು. ಎರಡನೇ ತಿಂಗಳಲ್ಲಿ ಚುರುಕಾಗಿ ಕುಣಿಯುತ್ತಿದ್ದ ಬಿಳಿ-ಹಳದಿ ಜ್ವಾಲೆ ಉದ್ದವಾಗಿ, ಸೋಮಾರಿಯಾಗಿ, ತುದಿಯಲ್ಲಿ ಕಪ್ಪು ಮಸಿ ಉಗುಳುತ್ತ ಕಿತ್ತಳೆ ಬಣ್ಣಕ್ಕೆ ತಿರುಗಿತು, ಬಾಗಿಲಿನ ಗಾಜು ಅರ್ಧ ದಿನದಲ್ಲೇ ಕಪ್ಪಾಯಿತು. ಯಂತ್ರ ಆರಿದ ಮೇಲೆ ಬಟ್ಟಲನ್ನು ತೆಗೆದು ನೋಡಿದರೆ ಬೂದಿ ಕರಗಿ, ಕಮ್ಮಾರನ ಕುಲುಮೆಯ ಕಿಟ್ಟದಂತೆ ಗಟ್ಟಿಯಾಗಿ ರಂಧ್ರಗಳ ಮೇಲೆ ಕೂತಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟಿದ ಮೇಲೆಯೇ ಅದು ಎದ್ದುಬಂದದ್ದು. ತೊಗಟೆ ಮತ್ತು ಮಣ್ಣು ಬೆರೆತ ಪೆಲೆಟ್‌ಗಳಲ್ಲಿ ಬೂದಿಯೂ ಹೆಚ್ಚು, ಆ ಬೂದಿ ಕರಗುವ ಉಷ್ಣಾಂಶವೂ ಕಡಿಮೆ. ಆದ್ದರಿಂದ ಈಗ ಬೂದಿಯ ಅಂಶ ಶೇ. 0.7ಕ್ಕಿಂತ, ತೇವಾಂಶ ಶೇ. 10ಕ್ಕಿಂತ ಮೀರದ ಎ1 ದರ್ಜೆಯ ಪೆಲೆಟ್‌ಗಳನ್ನಷ್ಟೇ ತರುತ್ತೇವೆ, ಬಟ್ಟಲನ್ನು ಪ್ರತಿದಿನ ಕೆರೆಯುತ್ತೇವೆ.

ರಂಧ್ರ ಮುಚ್ಚಿದ ಬಟ್ಟಲಿನಿಂದ ಇನ್ನೊಂದು ಅಪಾಯವಿದೆ. ಬೆಂಕಿ ಹೊತ್ತದೆ ಪೆಲೆಟ್‌ಗಳು ಗುಡ್ಡೆಯಾಗಿ ಬಿದ್ದು ಹೊಗೆಯಾಡುತ್ತಿದ್ದರೆ, ಒಲೆಯೊಳಗೆ ತುಂಬಿದ ಆ ಹೊಗೆ ಒಮ್ಮೆಲೇ ಭುಗ್ಗೆಂದು ಹೊತ್ತಿಕೊಳ್ಳಬಹುದು. ಅಂಥ ಹೊತ್ತಿನಲ್ಲಿ ಬಾಗಿಲನ್ನು ತೆರೆಯಬಾರದು, ಮತ್ತೆ ಮತ್ತೆ ಸ್ಟಾರ್ಟ್ ಗುಂಡಿಯನ್ನೂ ಒತ್ತಬಾರದು. ಯಂತ್ರ ಪೂರ್ತಿ ತಣ್ಣಗಾದ ಮೇಲೆ ಬಟ್ಟಲನ್ನು ಖಾಲಿ ಮಾಡಿ ಹೊಸದಾಗಿ ಹೊತ್ತಿಸಬೇಕು, ತೆಗೆದ ಪೆಲೆಟ್‌ಗಳನ್ನು ಹಾಪರ್‌ಗೆ ಮರಳಿ ಸುರಿಯಲೇಬಾರದು; ಅವುಗಳಲ್ಲಿ ಒಂದೇ ಒಂದು ಕಿಡಿ ಉಳಿದಿದ್ದರೂ ಸಾಕು. ಬೆಂಕಿ ಹೊತ್ತಿಸಲು ಸೀಮೆಎಣ್ಣೆ, ಪೆಟ್ರೋಲ್‌ಗಳ ಮಾತಂತೂ ಬೇಡವೇ ಬೇಡ.

ಬೂದಿಯನ್ನು ಬಿಗಿಯಾದ ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ, ಸುಡುವ ವಸ್ತುಗಳಿಲ್ಲದ ಕಡೆ, ಹೊರಗಡೆ ಇಡುತ್ತೇವೆ. ಬೂದಿ ಮುಚ್ಚಿದ ಕೆಂಡ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ: ಮೇಲೆ ತಣ್ಣಗೆ ಕಾಣುವ ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವಂತವಾಗಿ ಇರಬಲ್ಲದು. ಮನೆ ಗುಡಿಸುವ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್‌ನಿಂದ ಬೂದಿ ಎಳೆದರೆ ಅದರ ಚೀಲಕ್ಕೇ ಬೆಂಕಿ ಬೀಳಬಹುದು.

ಈ ಮಾದರಿಯ ದೊಡ್ಡ ಕೊರತೆಯೆಂದರೆ ಕರೆಂಟು ಹೋದಾಗ ಅದರ ಅಸಹಾಯಕತೆ. ಹೊಗೆ ಎಳೆಯುವ ಬ್ಲೋವರ್ ನಿಂತೊಡನೆ ಬಟ್ಟಲಿನಲ್ಲಿ ಉಳಿದದ್ದು ಹೊಗೆಯಾಡಲು ಶುರುವಾಗುತ್ತದೆ. ಮೊದಲ ವರ್ಷ ಒಂದು ರಾತ್ರಿ ಹೀಗೇ ಆಗಿ ಕೋಣೆಯಲ್ಲೆಲ್ಲ ಹೊಗೆಯ ವಾಸನೆ ಹಬ್ಬಿತು. ಬಾಗಿಲಿನ ಗ್ಯಾಸ್ಕೆಟ್, ಅಂದರೆ ಸಂದಿಯಿಂದ ಹೊಗೆ ಸೋರದಂತೆ ತಡೆಯುವ ಪಟ್ಟಿ, ಸವೆದದ್ದು ಆಗ ತಿಳಿಯಿತು. ತಣ್ಣಗಿರುವಾಗ ಒಂದು ಕಾಗದದ ಚೂರನ್ನು ಬಾಗಿಲಿನ ಸಂದಿಗೆ ಸಿಕ್ಕಿಸಿ ಮುಚ್ಚಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಗ್ಯಾಸ್ಕೆಟ್ ಬದಲಿಸುವ ಕಾಲ ಬಂದಿದೆ. ಈಗ ಯಂತ್ರಕ್ಕೆ ಬ್ಯಾಟರಿಯ ಬ್ಯಾಕಪ್ ಇದೆ, ಕರೆಂಟು ಹೋದರೂ ಅದು ಕ್ರಮವಾಗಿ ಆರುವಷ್ಟು ಹೊತ್ತು ಬ್ಲೋವರ್ ತಿರುಗುತ್ತದೆ. ಅದೇ ಕಾರಣಕ್ಕೆ, ನಿಲ್ಲಿಸುವಾಗ ಆಫ್ ಗುಂಡಿಯನ್ನೇ ಒತ್ತಿ, ಉರಿಯುತ್ತಿರುವಾಗ ಪ್ಲಗ್ ಕೀಳಬೇಡಿ.

ಇಂಗಾಲದ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾಗಾಗಿ ಮಲಗುವ ಕೋಣೆಗಳ ಹತ್ತಿರ ಅದರ ಅಲಾರಂ ಇರಲೇಬೇಕು. ಬೆಂಕಿಯ ಸೋಂಕಿಲ್ಲದೆ ಸುಮ್ಮನೆ ಬಿದ್ದಿರುವ ಪೆಲೆಟ್ ರಾಶಿಯೂ ಈ ವಿಷಾನಿಲವನ್ನು ಬಿಡುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ: ಮರದಲ್ಲಿರುವ ಕೊಬ್ಬಿನಾಮ್ಲಗಳು ಗಾಳಿಯೊಂದಿಗೆ ಸೇರಿ ನಿಧಾನವಾಗಿ ಉತ್ಕರ್ಷಣಗೊಳ್ಳುವುದೇ ಅದಕ್ಕೆ ಕಾರಣ. ಗಾಳಿಯಾಡದ ದೊಡ್ಡ ಪೆಲೆಟ್ ಉಗ್ರಾಣಗಳಿಗೆ ಇಳಿದವರು ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಟನ್‌ಗಟ್ಟಲೆ ಪೆಲೆಟ್ ಶೇಖರಿಸುವವರು ಕೋಣೆಗೆ ಗಾಳಿ ಹೊರಹೋಗುವ ದಾರಿ ಮಾಡಿಸದೆ ಒಂದು ಚೀಲವನ್ನೂ ಇಳಿಸಿಕೊಳ್ಳಬಾರದು ಎಂದು ಕೈಮುಗಿದು ಕೇಳುತ್ತೇನೆ.

ಉಳಿದ ಆರೈಕೆ ಕಷ್ಟದ್ದೇನಲ್ಲ. ಹೊಗೆ ಕೊಳವೆಯನ್ನೂ ಬ್ಲೋವರ್‌ನ ರೆಕ್ಕೆಗಳನ್ನೂ ವರ್ಷಕ್ಕೊಮ್ಮೆಯಾದರೂ ತಿಳಿದವರಿಂದ ಬ್ರಷ್ ಹಾಕಿಸಬೇಕು. ಹಾಪರ್‌ನ ತಳದಲ್ಲಿ ಕೂಡುವ ಪುಡಿಯನ್ನು ಆಗಾಗ ತೆಗೆಯದಿದ್ದರೆ ಆಗರ್ ಸಿಕ್ಕಿಕೊಳ್ಳುತ್ತದೆ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಬೂದಿ ತಟ್ಟೆಯ ಅಂಚು ತೀರ ಗಿಡ್ಡವಾಗಿ ಹೊರತೆಗೆಯುವಾಗಲೆಲ್ಲ ಬೂದಿ ಚೆಲ್ಲುವುದಕ್ಕೆ, ಮತ್ತು ಸ್ವಚ್ಛತೆಯ ಸೂಚನೆಗಳನ್ನು ಕೈಪಿಡಿಯ ಕೊನೆಯ ಪುಟಗಳಿಗೆ ತಳ್ಳಿರುವುದಕ್ಕೆ. ಮೊದಲ ಬಾರಿ ಹೊತ್ತಿಸುವ ಮೊದಲು ಆ ಪುಟಗಳನ್ನೇ ಓದಿ.