ಮಗಳ ನೂಕುಗಾಡಿ: ಮೂರು ತಿಂಗಳು ಬಳಸಿದ ಮೇಲೆ

ಮಗಳಿಗೆ ಹನ್ನೊಂದು ತಿಂಗಳು ತುಂಬಿದಾಗ ಈ ಮರದ ನೂಕುಗಾಡಿ ಕೊಂಡೆ. ನಾಲ್ಕು ಚಕ್ರ, ಮಗುವಿನ ಎದೆಮಟ್ಟಕ್ಕೆ ಹಿಡಿಕೆ, ಮುಂದೊಂದು ತೊಟ್ಟಿ, ಅದರೊಳಗೆ 12 ಮರದ ತುಂಡುಗಳು. ಪೆಟ್ಟಿಗೆಯ ಮೇಲೆ ‘ಆರನೇ ತಿಂಗಳಿನಿಂದಲೇ ನಡಿಗೆ ಕಲಿಸುತ್ತದೆ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಇದು ಶುದ್ಧ ತಪ್ಪು. ಏನನ್ನಾದರೂ ಹಿಡಿದು ತಾನೇ ಎದ್ದು ನಿಲ್ಲಲು ಬಾರದ ಮಗುವಿಗೆ ಇದು ಕೊಡಬಾರದು.

ಎದ್ದು ನಿಲ್ಲುತ್ತಿದ್ದ ನನ್ನ ಮಗಳೇ ಮೊದಲ ದಿನ ಬಿದ್ದಳು. ಹಿಡಿಕೆಗೆ ಭಾರ ಹಾಕಿದ್ದೇ ತಡ, ನುಣುಪು ನೆಲದಲ್ಲಿ ಗಾಡಿ ಓಡಿತು, ಇವಳು ಮುಗ್ಗರಿಸಿ ಗದ್ದ ಕೆಂಪಾಯಿತು. ತೊಟ್ಟಿಗೆ ನಾಲ್ಕು ದಪ್ಪ ಪುಸ್ತಕ ಹೇರಿ, ಚಕ್ರಗಳಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದ ಮೇಲೆ ಹತೋಟಿಗೆ ಬಂತು. ಬರಿಗಾಲಲ್ಲೇ ಬಿಡಿ. ಕಾಲ್ಬೆರಳುಗಳು ನೆಲವನ್ನು ಕಚ್ಚಿ ಹಿಡಿಯುವುದು, ಮಂಡಿ ತುಸು ಬಾಗುವುದು, ಆಮೇಲೆ ಹಿಮ್ಮಡಿ ಏಳುವುದು: ಪಕ್ಕದಲ್ಲೇ ಕುಳಿತು ನೋಡಿದರೆ ಎಲ್ಲವೂ ಕಾಣುತ್ತದೆ.

ಗಾಡಿಗಿಂತ ತುಂಡುಗಳೇ ಹೆಚ್ಚು ಕೆಲಸಕ್ಕೆ ಬಂದವು. ಮೊದಲು ಒಂದೊಂದನ್ನೇ ತೆಗೆದು ಎಸೆಯುತ್ತಿದ್ದಳು. ವಾರ ಕಳೆದ ಮೇಲೆ ಒಳಗೆ ಹಾಕತೊಡಗಿದಳು. ತೆಗೆಯುವುದಕ್ಕಿಂತ ಹಾಕುವುದು ಕಷ್ಟ, ಸರಿಯಾದ ಜಾಗದಲ್ಲಿ ಬೆರಳು ಬಿಡಿಸಬೇಕಲ್ಲ! ಒಂದು ತುಂಡನ್ನು ಬಟ್ಟೆಯಡಿ ಮುಚ್ಚಿಟ್ಟರೆ ಬಟ್ಟೆ ಎಳೆದು ಹುಡುಕುತ್ತಾಳೆ. ಇದೂ ವರ್ಷದ ಹೊತ್ತಿನ ಬೆಳವಣಿಗೆಯೇ, ಪೆಟ್ಟಿಗೆಯಲ್ಲಿ ಮಾತ್ರ ಅದರ ಸುದ್ದಿಯಿಲ್ಲ.

ಹುಟ್ಟುಹಬ್ಬದ ದಿನವೂ ಅವಳು ಕೈಬಿಟ್ಟು ನಡೆಯಲಿಲ್ಲ. ಆ ದಪ್ಪಕ್ಷರ ನೆನೆದು ನನಗೆ ನಿದ್ದೆ ಹತ್ತಲಿಲ್ಲ. ವೈದ್ಯರು ಗಾಡಿಯ ವಿಷಯವನ್ನೇ ಎತ್ತಲಿಲ್ಲ. ಹೆಸರು ಕರೆದರೆ ತಿರುಗುತ್ತಾಳೆಯೇ, ಟಾಟಾ ಮಾಡುತ್ತಾಳೆಯೇ, ಗೋಡೆ ಹಿಡಿದು ಸರಿಯುತ್ತಾಳೆಯೇ ಎಂದು ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳು ಆಸರೆಯಿಲ್ಲದೆ ನಡೆಯುವ ವಯಸ್ಸು ಸುಮಾರು 8 ತಿಂಗಳಿನಿಂದ ಹದಿನೇಳೂವರೆ ತಿಂಗಳವರೆಗೂ ಹರಡಿದೆ. ಕಲಿತದ್ದನ್ನು ಮಗು ಮರೆತರೆ ತಡಮಾಡದೆ ಕರೆತನ್ನಿ ಎಂದರು ವೈದ್ಯರು. ಮಗಳು ಹದಿಮೂರೂವರೆ ತಿಂಗಳಿಗೆ ನಡೆದಳು, ಅದೂ ಗಾಡಿಯಿಂದ ದೂರ, ನನ್ನ ಕಡೆಗೆ.

ಮಗುವನ್ನು ಒಳಗೆ ಕೂರಿಸಿ ಬಿಡುವ ಚಕ್ರದ ವಾಕರ್ ಮಾತ್ರ ದಯವಿಟ್ಟು ಬೇಡ. ಮೆಟ್ಟಿಲಿನಿಂದ ಉರುಳುವ ಅಪಾಯವಿದೆ, ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ.

ಈ ಗಾಡಿಗೆ ಐದಕ್ಕೆ ನಾಲ್ಕು ಅಂಕ. ಚಕ್ರದ ತಿರುಪುಗಳು ಬೇಗ ಸಡಿಲಾಗುತ್ತವೆ, ವಾರಕ್ಕೊಮ್ಮೆ ಬಿಗಿ ಮಾಡಿ.